ಅಕ್ಕನ ಕುರ್ಚಿಯ ಎದುರು ಕಟ್ಟಿದ ಕೋಳಿಗೂಡು

ಅಕ್ಕ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ರಾಯಲ್ಪಾಡಿನಲ್ಲಿ ಅವಳನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಮಕ್ಕಳಾಗಿರಲಿಲ್ಲ. ಭಾವ ತೀರಿಕೊಂಡಿದ್ದರು. ಅಕ್ಕಪಕ್ಕದ ಮನೆಯವರಲ್ಲಿ ಅವಳು ಮಾತು ಉಳಿಸಿಕೊಂಡವರು ಒಬ್ಬರೂ ಇರಲಿಲ್ಲ. ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಅಲ್ಲಿಂದ ನೇರವಾಗಿ ಮುಳಬಾಗಿಲಿನ ನನ್ನ ಮನೆಗೆ ಕರೆದುಕೊಂಡು ಬಂದೆ. ಆಟೋದಿಂದ ಇಳಿಯುವ ಮೊದಲು ಅವಳು ನನ್ನ ಮನೆಯನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ವರ್ಷ ಹೊಲಿದು ಹೊಲಿದು ಮಾಡಿದ್ದು ಇಷ್ಟೇನಾ ಎಂದು ಕೇಳಿದಳು. ಆಟೋದವನು ನಕ್ಕ. ನಾನು ಅವಳ ವಾಕರ್ ಬಿಡಿಸಿ ನೆಲಕ್ಕೆ ಊರಿ, ಕಂಕುಳಿಗೆ ಕೈ ಕೊಟ್ಟು ಇಳಿಸಿಕೊಂಡೆ.

ನಾನು ಲೇಡೀಸ್ ಟೈಲರ್. ಮಗಳು ಚಿಕ್ಕವಳಿದ್ದಾಗಲೇ ನನ್ನ ಗಂಡ ಹೋದರು. ಅಂದಿನಿಂದ ಈ ಊರಿನ ಹೆಂಗಸರ ಬ್ಲೌಸು, ಚೂಡಿದಾರು, ಮದುವೆಯ ರೇಷ್ಮೆ ಎಲ್ಲ ನನ್ನ ಮಿಷನ್ನಿನ ಕೆಳಗೆ ಹಾದುಹೋಗಿವೆ. ಮಗಳನ್ನು ಮಾಲೂರಿಗೆ ಮದುವೆ ಮಾಡಿ ಕೊಟ್ಟೆ. ಮುಂದಿನ ಹಾಲ್‌ನಲ್ಲಿ ಮಿಷನ್, ಹಿಂದೆ ಒಂದು ರೂಮು, ಅಡುಗೆಮನೆ, ಅದರ ಹಿಂದೆ ಒಂದು ಹಿತ್ತಲು. ಹಿತ್ತಲಲ್ಲಿ ಒಂದು ಸೀಬೆ ಮರ, ಬಟ್ಟೆ ಒಗೆಯುವ ಕಲ್ಲು, ಉಳಿದದ್ದು ಖಾಲಿ ನೆಲ. ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಅಕ್ಕನನ್ನು ಬೆಳಗಿನ ಹೊತ್ತು ಅಲ್ಲಿ ಕೂರಿಸುತ್ತಿದ್ದೆ. ಬಿಸಿಲು ಬೀಳಬೇಕು, ಮೂಳೆಗೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ದಿನಾ ಮೊಟ್ಟೆ ಕೊಡಿ ಅಂತಲೂ ಹೇಳಿದ್ದರು.

ಅಂಗಡಿಯ ಬಿಳಿ ಮೊಟ್ಟೆಯನ್ನು ಬೇಯಿಸಿ ಕೊಟ್ಟರೆ ಅಕ್ಕ ಮೂಸಿ ನೋಡಿ ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದಳು. ಫಾರಂ ಕೋಳಿಯ ಮೊಟ್ಟೆ ಹೇಲು ವಾಸನೆ ಬರುತ್ತದೆ, ತನ್ನ ಮನೆಯಲ್ಲಿ ಯಾವತ್ತೂ ನಾಟಿ ಮೊಟ್ಟೆಯೇ ತಿಂದಿದ್ದು ಎನ್ನುತ್ತಿದ್ದಳು. ನಾಟಿ ಮೊಟ್ಟೆ ಊರಲ್ಲಿ ಹುಡುಕಿದರೆ ಸಿಗುತ್ತದೆ, ದಿನಾ ಸಿಗುವುದಿಲ್ಲ. ಸಿಗದ ದಿನ ಅವಳು ಏನೂ ತಿನ್ನದೆ ಕೂತು, ಬ್ಲೌಸ್ ಅಳತೆ ಕೊಡಲು ಬಂದವರ ಹತ್ತಿರ ತಂಗಿಯ ಮನೆಯಲ್ಲಿ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡಿದ್ದೀನಿ ಅಂತ ಹೇಳುತ್ತಿದ್ದಳು. ಹಿತ್ತಲಲ್ಲಿ ನಾಲ್ಕು ಕೋಳಿ ಸಾಕೋಣ ಅನ್ನಿಸಿದ್ದು ಆಗ.

ಅಕ್ಕನ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಹೊಲಿಗೆ ಕಲಿತ ಹೊಸದರಲ್ಲಿ ಅವಳೇ ಕೇಳಿ ನನ್ನಿಂದ ಒಂದು ಬ್ಲೌಸ್ ಹೊಲಿಸಿಕೊಂಡಿದ್ದಳು. ಹಸಿರು ಪಾಲಿಯೆಸ್ಟರ್. ಅದನ್ನೇ ತೊಟ್ಟುಕೊಂಡು ಯಲ್ದೂರಿನ ಕಡೆ ಒಂದು ಮದುವೆಗೆ ಬಂದಳು. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಅವಳ ಪಕ್ಕ ಬಿಟ್ಟು ಅಲುಗಾಡಲಿಲ್ಲ. ಊಟದ ಪಂಕ್ತಿಗೆ ಕಾಯುತ್ತಾ ಹೆಂಗಸರೆಲ್ಲ ಕೂತಿದ್ದಾಗ ಅವಳು ಎಲ್ಲರೂ ನೋಡುವ ಹಾಗೆ ಕೈಯನ್ನು ಪೂರ್ತಿ ಮೇಲೆತ್ತಿ ಸರಕ್ಕನೆ ಹಿಂದಕ್ಕೆ ಎಳೆದಳು. ಕಂಕುಳ ಹೊಲಿಗೆ ಬಿಟ್ಟುಕೊಂಡಿತು. ನೋಡಿ ನಮ್ಮ ಹುಡುಗಿ ಹೊಲಿಗೆ, ಅಂದಳು. ಆ ಹೊಲಿಗೆ ತಾನಾಗಿ ಬಿಡುವಂಥದ್ದಲ್ಲ ಎಂದು ನನಗೆ ಗೊತ್ತು. ಎರಡು ಸಲ ಹೊಡೆದಿದ್ದೆ. ಆದರೂ ಅವತ್ತು ತಲೆ ತಗ್ಗಿಸಿ ಕೂತವಳು ಊಟ ಮುಗಿಯುವ ತನಕ ಎತ್ತಲಿಲ್ಲ.

ಕೋಳಿಗೂಡಿನ ಪ್ಲಾನ್ ಕಳಿಸಿದ್ದು ಮಗಳು. ಬಡಗಿಯನ್ನು ಕರೆಸು ಎಂದು ಮೊದಲು ಹೇಳಿದ್ದಳು. ಬಡಗಿ ಇವತ್ತು ನಾಳೆ ಅನ್ನುತ್ತಲೇ ಇದ್ದ. ಕೊನೆಗೆ ಅವಳು ಇಂಟರ್‌ನೆಟ್ಟಿನಿಂದ ಒಂದು ಚಿತ್ರ ತೆಗೆದು ಫೋನಿಗೆ ಹಾಕಿದಳು. ನಾನು ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮಿಷನ್ ಪಕ್ಕದ ಗೋಡೆಗೆ ಗುಂಡುಪಿನ್ನಿನಿಂದ ಚುಚ್ಚಿದೆ. ನಾಲ್ಕು ಕಾಲಿನ ಮೇಲೆ ನಿಂತ ಮರದ ಪುಟ್ಟ ಮನೆ, ಇಳಿಜಾರು ತಗಡಿನ ಸೂರು, ಒಂದು ಕಿಟಕಿ, ಹತ್ತಿ ಹೋಗಲು ಏಣಿಯಂಥ ಹಲಗೆ. ಒಂದು ಪಕ್ಕದಲ್ಲಿ ಮೊಟ್ಟೆ ಇಡುವ ಪೆಟ್ಟಿಗೆ, ಅದಕ್ಕೆ ಹೊರಗಿನಿಂದ ಎತ್ತುವ ಮುಚ್ಚಳ. ಮುಚ್ಚಳ ಎತ್ತಿ ಕೈ ಹಾಕಿದರೆ ಮೊಟ್ಟೆ ಕೈಗೆ ಬರುತ್ತದೆ, ಗೂಡಿನೊಳಗೆ ಬಗ್ಗಬೇಕಾಗಿಲ್ಲ. ಆ ಮುಚ್ಚಳವನ್ನು ನೋಡಿದ ಮೇಲೆ ನನಗೆ ಬೇರೆ ಯಾವ ಗೂಡೂ ಬೇಡವಾಯಿತು. ಇಂಗ್ಲಿಷ್ ನನಗೆ ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಬರುತ್ತದೆ. ಆದರೆ ಅಳತೆಯೆಲ್ಲ ಇಂಚಿನಲ್ಲಿತ್ತು. ಇಂಚು ನನ್ನ ಕಸುಬು. ಬೆನ್ನು, ಎದೆ, ತೋಳು ಬಿಡಿಸಿಟ್ಟ ಬ್ಲೌಸಿನ ಪೇಪರ್ ಕಟಿಂಗ್ ಹಾಗೆಯೇ ಗೋಡೆ, ಸೂರು, ಬಾಗಿಲು ಬಿಡಿಬಿಡಿಯಾಗಿ ಬರೆದಿದ್ದರು.

ಮರದಂಗಡಿಯಲ್ಲಿ ಪ್ಲೈವುಡ್ಡು, ರೀಪರ್ ಪಟ್ಟಿ, ತಗಡು, ಮೊಳೆ ತೆಗೆದುಕೊಂಡೆ. ಅಂಗಡಿಯವನು ಯಾರಮ್ಮ ಹೊಡೆಯೋದು ಎಂದು ಕೇಳಿದ. ನಾನೇ ಎಂದೆ. ಅವನು ಒಳಗಿದ್ದ ಇನ್ನೊಬ್ಬನನ್ನು ಕರೆದು, ಇವರೇ ಹೊಡೆಯುತ್ತಾರಂತೆ ನೋಡು ಎಂದು ತೋರಿಸಿದ. ಸುತ್ತಿಗೆಯನ್ನು ಮಾತ್ರ ಕೇಳದೆಯೇ ಚಿಕ್ಕದು ಕೊಟ್ಟ. ಕೈಗೆ ಬಿದ್ದರೂ ಮೂಳೆ ಉಳಿಯಲಿ ಅಂತ ಎಂದ.

ಅಕ್ಕನ ಕುರ್ಚಿಯ ಎದುರಿಗೇ ಕೆಲಸ ಶುರುಮಾಡಿದೆ. ಬೇರೆ ಜಾಗ ಇರಲಿಲ್ಲ. ಪ್ಲೈವುಡ್ಡನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ, ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದಲೇ ಗೆರೆ ಎಳೆದು, ಗರಗಸ ಹಿಡಿದೆ. ಬಟ್ಟೆ ಕತ್ತರಿಗೆ ಒಗ್ಗಿದ ಕೈಗೆ ಮರ ಒಂದು ಥರ ಹಟಮಾರಿ ಅನ್ನಿಸಿತು. ಗೆರೆ ಒಂದು ಕಡೆ, ಗರಗಸ ಒಂದು ಕಡೆ. ಸಂಜೆಯಾಗುವ ಹೊತ್ತಿಗೆ ನಾಲ್ಕು ಗೋಡೆ, ಬಾಗಿಲು ಕತ್ತರಿಸಿದೆ. ಭುಜ ಎತ್ತಲಾಗುತ್ತಿರಲಿಲ್ಲ. ಮಾರನೆಯ ದಿನ ಜೋಡಿಸಲು ಹೋದರೆ ಒಂದಕ್ಕೊಂದು ಕೂಡುತ್ತಲೇ ಇಲ್ಲ. ಬಾಗಿಲು ಚೌಕಟ್ಟಿನೊಳಗೆ ಹೋಗಲೇ ಒಲ್ಲದು. ಟೇಪು ಹಿಡಿದು ಮತ್ತೆ ಮತ್ತೆ ಅಳೆದೆ. ಎಲ್ಲ ಹಲಗೆಯೂ ಸುತ್ತ ಅರ್ಧ ಇಂಚು ಹೆಚ್ಚಿತ್ತು. ಆಮೇಲೆ ಹೊಳೆಯಿತು, ಹೊಲಿಗೆಯ ಒಳಗೆ ಹೋಗುವುದಕ್ಕೆ ಬಟ್ಟೆ ಬಿಡುತ್ತೇವಲ್ಲ, ಆ ಮಾರ್ಜಿನ್ನನ್ನು ನನ್ನ ಕೈ ತಾನಾಗಿಯೇ ಮರಕ್ಕೂ ಬಿಟ್ಟಿತ್ತು.

ಅದನ್ನು ಅಕ್ಕನಿಗೆ ಹೇಳಬಾರದಿತ್ತು. ನನಗೇ ನಗು ಬಂದು ಹೇಳಿಬಿಟ್ಟೆ. ಅವಳು ನಕ್ಕಳು, ಕೆಮ್ಮು ಹತ್ತುವ ತನಕ ನಕ್ಕಳು, ನೀರು ಕುಡಿದು ಮತ್ತೆ ನಕ್ಕಳು. ಅವತ್ತಿನಿಂದ ಮನೆಗೆ ಬಂದವರಿಗೆಲ್ಲ ಅದೇ ಕತೆ. ಅಳತೆ ಕೊಡಲು ಬರುವ ಹೆಂಗಸರನ್ನು ಹಿತ್ತಲಿಗೇ ಕರೆಸಿಕೊಳ್ಳುತ್ತಿದ್ದಳು. ಬನ್ನಿ ಬನ್ನಿ, ನಮ್ಮವಳು ಕೋಳಿಗೆ ಬ್ಲೌಸು ಹೊಲೀತಿದ್ದಾಳೆ, ನೋಡ್ಕೊಂಡು ಹೋಗಿ ಎನ್ನುತ್ತಿದ್ದಳು. ಅವರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಾನು ಬಾಯಲ್ಲಿ ಮೊಳೆ ಕಚ್ಚಿಕೊಂಡಿರುತ್ತಿದ್ದೆ. ಉತ್ತರ ಕೊಡಬೇಕಾಗದೆ ಇರಲು ಅದೊಂದು ಒಳ್ಳೆಯ ದಾರಿ ಎಂದು ಬೇಗ ಕಲಿತೆ.

ಅಕ್ಕನಿಗೆ ಕೋಪ ಬಂದರೂ ಖುಷಿಯಾದರೂ ತೆಲುಗು ಬರುತ್ತದೆ. ಗೋಡೆ ಎದ್ದು ನಿಂತ ದಿನ ಕತ್ತು ಓರೆ ಮಾಡಿ ನೋಡಿ, ‘ಇದಿ ಗೂಡಾ, ಗೋರೀನಾ?’ ಎಂದು ಕೇಳಿದಳು. ಗೂಡೋ ಗೋರಿಯೋ ನೀನೇ ಒಳಗೆ ಹೋಗಿ ನೋಡು ಎಂದು ನಾನೂ ಅಂದೆ. ಅದಕ್ಕೆ ಅವಳಿಗೆ ಬೇಸರವಾಗಲಿಲ್ಲ. ನಾನು ತಿರುಗಿ ಮಾತಾಡಿದರೆ ಅವಳಿಗೆ ಇನ್ನಷ್ಟು ಹುಮ್ಮಸ್ಸು.

ಸೂರಿನ ರೀಪರ್ ಹೊಡೆಯುವಾಗ ಸುತ್ತಿಗೆ ಎಡಗೈ ಹೆಬ್ಬೆರಳಿಗೆ ಬಿತ್ತು. ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಯಿತು. ಅಕ್ಕ ಕೂತಲ್ಲಿಂದಲೇ, ಬಲಗೈಗೆ ಬೀಳಬೇಕಿತ್ತು, ಆಗ ಬುದ್ಧಿ ಬರುತ್ತಿತ್ತು ಎಂದಳು. ಅದೇ ವಾರ ಮದುವೆಮನೆಯವರೊಬ್ಬರು ಮಗಳ ರೇಷ್ಮೆ ಬ್ಲೌಸುಗಳನ್ನು ಕೊಡಲು ಬಂದಿದ್ದರು. ಎಲ್ಲ ಸೀರೆಗೂ ಒಂದೊಂದು, ಕೈಗೆ ಆರಿ ವರ್ಕಿನ ಕಸೂತಿ. ಅಂಥ ಕೆಲಸ ನನಗೆ ಯಾವಾಗಲೋ ಒಂದು ಸಲ ಸಿಗುವುದು. ಅವರಿಗೆ ಕಾಫಿ ಮಾಡಲು ಒಳಗೆ ಹೋದೆ. ಬರುವಷ್ಟರಲ್ಲಿ ಆ ತಾಯಿ ಬಟ್ಟೆಯ ಕವರನ್ನು ಮತ್ತೆ ತೊಡೆಯ ಮೇಲೆ ಎತ್ತಿಟ್ಟುಕೊಂಡಿದ್ದರು. ಬೆರಳು ವಾಸಿ ಮಾಡಿಕೊಳ್ಳಿ, ಆಮೇಲೆ ನೋಡೋಣ ಎಂದರು. ಅಕ್ಕ ಸೀಬೆ ಮರದ ಕೆಳಗಿನ ತನ್ನ ಕುರ್ಚಿಯಿಂದ ವಾಕರ್ ಊರಿಕೊಂಡು ಎದ್ದು ಹಾಲ್‌ಗೆ ಬಂದು, ಅವಳ ಬೆರಳು ಜಜ್ಜಿಹೋಗಿದೆ, ರೇಷ್ಮೆ ಹಾಳುಮಾಡಿಯಾಳು, ಬೇರೆ ಕಡೆ ಕೊಡಿ ಎಂದು ಅವರಿಗೆ ಬುದ್ಧಿ ಹೇಳಿದ್ದಳು. ಅವರ ಒಳ್ಳೆಯದಕ್ಕೇ ಹೇಳಿದೆ, ನಿನ್ನ ಹೆಸರು ಕೆಡಬಾರದು ಅಂತ ಹೇಳಿದೆ ಎಂದು ನನಗೆ ವಿವರಿಸಿದಳು. ನಾನು ಅವಳ ಕಾಫಿಯನ್ನು ಅವಳ ಕೈಗೆ ಕೊಡದೆ ಕಿಟಕಿಯ ಮೇಲಿಟ್ಟು ಹೋದೆ. ಕುಡಿಯಬೇಕಾದರೆ ಮತ್ತೆ ಎದ್ದು ನಡೆಯಬೇಕು. ನಡೆದಳು.

ಅವತ್ತೇ ನನಗೆ ತಿಳಿದದ್ದು, ಅಕ್ಕ ಹೇಳಿಕೊಳ್ಳುವುದಕ್ಕಿಂತ ಚೆನ್ನಾಗಿ ನಡೆಯುತ್ತಾಳೆ ಅಂತ. ವಾಕರ್ ಬಿಡಿಸಿ ಊರುಗೋಲು ಕೊಡಿಸಿದೆ. ಅದರ ತುದಿಗೆ ರಬ್ಬರ್ ಹಾಕಿತ್ತು. ಬಚ್ಚಲಿಗೆ, ಹಿತ್ತಲಿಗೆ ಒಬ್ಬಳೇ ಹೋಗಿಬರುತ್ತಿದ್ದಳು. ಊರಿಗೆ ಯಾವಾಗ ಹೋಗುತ್ತೀಯ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಗೂಡು ಅಂತೂ ಮುಗಿಯಿತು. ಪ್ಲಾನಿನ ಚಿತ್ರದಲ್ಲಿ ಗೋಡೆ ಸೂರಿಗೆ ಮುಟ್ಟುವ ಕಡೆ ಸುತ್ತಲೂ ಒಂದು ಖಾಲಿ ಜಾಗ ಬಿಟ್ಟಿದ್ದರು, ಅಲ್ಲಿ ಬಾಣದ ಗುರುತು ಹಾಕಿ ಏನೋ ಬರೆದಿದ್ದರು. ಚಿತ್ರ ಬರೆದವನು ಅಂದಾಜಿಗೆ ಬರೆದಿದ್ದಾನೆ ಅಂದುಕೊಂಡೆ. ಹೊಲಿಗೆ ಮುಗಿಸಿದ ಮೇಲೆ ಅಂಚು ಮಡಿಸದೆ ಬಿಟ್ಟರೆ ನನಗೆ ಸಮಾಧಾನವಾಗುವುದಿಲ್ಲ. ಉಳಿದಿದ್ದ ಪ್ಲೈವುಡ್ಡಿನ ಪಟ್ಟಿಗಳನ್ನು ಕತ್ತರಿಸಿ ಆ ಸಂದನ್ನು ಸುತ್ತ ಮುಚ್ಚಿ ಮೊಳೆ ಹೊಡೆದೆ. ಒಂದು ಇರುವೆ ನುಸುಳದ ಹಾಗೆ ಕೂತಿತು. ಹಸಿರು ಬಣ್ಣ ಬಳಿದೆ. ಬಾಗಿಲಿಗೆ ಹೊರಗಿನಿಂದ ಎತ್ತಿ ಬಿಡಿಸುವ ಕೊಂಡಿ ಹಾಕಿದೆ. ಮೊಟ್ಟೆ ಪೆಟ್ಟಿಗೆಯ ಮುಚ್ಚಳವನ್ನು ಎತ್ತಿ, ಇಳಿಸಿ, ಎತ್ತಿ, ಇಳಿಸಿ ಎಷ್ಟು ಹೊತ್ತು ನಿಂತಿದ್ದೆನೋ. ಅಕ್ಕ ಅವತ್ತು ಹೊಟ್ಟೆನೋವು ಎಂದು ಬೇಗ ಮಲಗಿದಳು.

ಸಂತೆಯಿಂದ ಒಂದು ಹುಂಜ, ಮೂರು ಹೇಟೆ, ಇನ್ನೂ ಮೊಟ್ಟೆಗೆ ಬಾರದ ಒಂದು ಸಣ್ಣ ಕೋಳಿ ತಂದೆ. ಹಗಲೆಲ್ಲ ಹಿತ್ತಲಲ್ಲಿ ಕೆದಕಿಕೊಂಡಿರುತ್ತಿದ್ದವು, ಮಬ್ಬಾದರೆ ತಾವಾಗಿಯೇ ಹಲಗೆ ಹತ್ತಿ ಒಳಗೆ ಹೋಗುತ್ತಿದ್ದವು. ಬೆಕ್ಕಿನ ಕಾಟಕ್ಕೆ ಕಿಟಕಿ ಮುಚ್ಚಿ ಕೊಂಡಿ ಹಾಕುತ್ತಿದ್ದೆ. ಬೆಳಿಗ್ಗೆ ಕೊಂಡಿ ತೆಗೆದರೆ ಹುಂಜ ಮೊದಲು ಇಳಿದು ಬಂದು ರೆಕ್ಕೆ ಕೊಡವುತ್ತಿತ್ತು. ಮೊದಲ ಮೊಟ್ಟೆ ಬಿದ್ದ ದಿನ ಮುಚ್ಚಳ ಎತ್ತಿ ಕೈ ಹಾಕಿದೆ. ಬೆಚ್ಚಗಿತ್ತು. ಹಾಗೇ ಬೇಯಿಸಿ ಉಪ್ಪು ಮೆಣಸು ಉದುರಿಸಿ ಅಕ್ಕನ ಮುಂದೆ ಇಟ್ಟೆ. ಅವಳು ತಿಂದು, ಪೇಂಟ್ ವಾಸನೆ ಎಂದಳು. ಪೂರ್ತಿ ತಿಂದಳು. ದಿನಾ ತಿಂದಳು.

ಆ ಸಣ್ಣ ಕೋಳಿಯನ್ನು ಉಳಿದವು ಸೇರಿಸುತ್ತಿರಲಿಲ್ಲ. ಕಾಳಿಗೆ ಬಂದರೆ ಕುಕ್ಕಿ ಓಡಿಸುತ್ತಿದ್ದವು. ಒಳಗೆ ಅಡ್ಡಗೋಲಿನ ಮೇಲೆ ಜಾಗ ಕೊಡುತ್ತಿರಲಿಲ್ಲ, ಅದು ಕೆಳಗೆ ಬಾಗಿಲ ಪಕ್ಕ ಮುದುರಿಕೊಂಡು ಮಲಗುತ್ತಿತ್ತು. ಅಕ್ಕನಿಗೆ ಅದೊಂದು ಹೊತ್ತು ಕಳೆಯುವ ಆಟ ಸಿಕ್ಕಿತು. ಮಡಿಲಲ್ಲಿ ರಾಗಿ ಇಟ್ಟುಕೊಂಡು ಕೂತು, ಒಂದು ಹಿಡಿಯನ್ನು ಬೇಕೆಂದೇ ಆ ಸಣ್ಣದರ ಕಾಲ ಬಳಿ ಎಸೆಯುತ್ತಿದ್ದಳು. ಅದು ಬಗ್ಗಿದ ಕೂಡಲೇ ಉಳಿದವು ಹಾರಿ ಬಂದು ಮೇಲೆ ಬೀಳುತ್ತಿದ್ದವು. ಕತ್ತಿನ ಪುಕ್ಕ ಉದುರಿ ಕೆಂಪು ಚರ್ಮ ಕಾಣತೊಡಗಿತು. ನಾನು ಮಿಷನ್ ನಿಲ್ಲಿಸಿ ಬಂದು ನೋಡಿದಾಗ ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. ಅವಳ ಮುಖ ಅಷ್ಟು ಗೆಲುವಾಗಿದ್ದದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ರಾಗಿ ಕಿತ್ತುಕೊಂಡೆ. ಗಾಯಕ್ಕೆ ಅರಿಶಿನ ಎಣ್ಣೆ ಹಚ್ಚಿದೆ. ಅಕ್ಕ ತನಗೆ ಕಾಲು ನೋವಾದರೆ ಎಣ್ಣೆ ಹಚ್ಚುವವರಿಲ್ಲ, ಕೋಳಿಗೆ ಇದ್ದಾರೆ ಎಂದಳು. ಅವಳ ಕಾಲಿಗೆ ದಿನಾ ಸಂಜೆ ಎಣ್ಣೆ ಹಚ್ಚುತ್ತಿದ್ದವಳು ನಾನೇ.

ಯುಗಾದಿ ಕಳೆದು ಬಿಸಿಲು ಏರಿತು. ಒಂದು ದಿನ ಲೈನಿಂಗ್ ಬಟ್ಟೆ, ಹುಕ್ಕು, ದಾರ ತರಲು ಕೋಲಾರಕ್ಕೆ ಹೋಗಬೇಕಾಗಿತ್ತು. ಮೊದಲನೆಯ ಬಸ್ಸಿಗೆ ಹೋದರೆ ಮಧ್ಯಾಹ್ನದೊಳಗೆ ವಾಪಸ್ ಬರಬಹುದು ಅಂದುಕೊಂಡೆ. ನಾನು ಹೊರಡುವಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ, ಆ ಹೊತ್ತಿನಲ್ಲಿ ಬೀದಿನಾಯಿಗಳು ಹಿಂದಿನ ಬೇಲಿ ದಾಟಿ ಬರುತ್ತವೆ. ಹಾಗಾಗಿ ಗೂಡು ತೆಗೆಯಲಿಲ್ಲ. ಹಿತ್ತಲನ್ನು ಗುಡಿಸಿ, ನೀರು ಚಿಮುಕಿಸಿ, ಅಕ್ಕನಿಗೆ ಉಪ್ಪಿಟ್ಟು ಮುಚ್ಚಿಟ್ಟೆ. ಬಿಸಿಲು ಬಂದ ತಕ್ಷಣ ಕೋಲಿನಿಂದ ಕೊಂಡಿ ಎತ್ತಿಬಿಡು, ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ ಎಂದು ಹೇಳಿದೆ. ಹೂಂ ಅಂದಳು. ಮರೀಬೇಡ ಎಂದೆ. ಹೂಂ ಅಂದೆನಲ್ಲ ಎಂದಳು.

ಕೋಲಾರದಲ್ಲಿ ಒಂದು ಮಾವಿನ ಚಿಗುರಿನ ಬಣ್ಣಕ್ಕೆ ಲೈನಿಂಗ್ ಹೊಂದಲಿಲ್ಲ. ಅಂಗಡಿ ಅಂಗಡಿ ಸುತ್ತಿದೆ. ಮುಹೂರ್ತದ ದಿನ, ವಾಪಸ್ ಬರುವ ಬಸ್ಸಿನಲ್ಲೆಲ್ಲ ಮದುವೆಗೆ ಹೋಗಿ ಬರುವವರು ಬಾಗಿಲಿಗೆ ಜೋತುಬಿದ್ದಿದ್ದರು. ಎರಡು ಬಸ್ಸು ಬಿಟ್ಟೆ. ಮನೆಗೆ ಬಂದಾಗ ಹೊತ್ತು ಇಳಿಮುಖವಾಗಿತ್ತು, ಆದರೆ ಬಿಸಿಲು ಇಳಿದಿರಲಿಲ್ಲ. ಚೀಲಗಳನ್ನು ಹಾಲ್‌ನಲ್ಲಿ ಇಟ್ಟು ನೀರು ಕುಡಿದೆ. ಮನೆ ಸದ್ದಿಲ್ಲದೆ ಇತ್ತು. ಹಿತ್ತಲಿಗೆ ಹೋದೆ. ಅಕ್ಕ ಸೀಬೆ ಮರದ ನೆರಳಿನಲ್ಲಿ ಕುರ್ಚಿಯಲ್ಲಿ ಕೂತಿದ್ದಳು, ಕೋಲು ತೊಡೆಯ ಮೇಲಿತ್ತು. ನೆಲದ ಮೇಲೆ ಒಂದು ಕೋಳಿಯೂ ಇರಲಿಲ್ಲ. ಗೂಡಿನ ಕೊಂಡಿ ನಾನು ಹಾಕಿದ ಹಾಗೇ ಇತ್ತು.

ಕೊಂಡಿ ಮುಟ್ಟಿದರೆ ಕೈ ಸುಟ್ಟಿತು. ಬಾಗಿಲು ತೆಗೆದಾಗ ಒಳಗಿನಿಂದ ಬಂದ ಗಾಳಿ ಒಲೆಯ ಬಾಯಿಯಿಂದ ಬಂದ ಹಾಗಿತ್ತು. ಹುಂಜ ಕಿಟಕಿಯ ಬುಡದಲ್ಲಿ ಬಿದ್ದಿತ್ತು, ಕೊಕ್ಕು ತೆರೆದಿತ್ತು, ಎರಡೂ ರೆಕ್ಕೆ ಚಾಚಿತ್ತು. ಮೂರೂ ಹೇಟೆಗಳು ಒಂದರ ಮೇಲೊಂದು ಮೂಲೆಯಲ್ಲಿದ್ದವು. ಕಿಟಕಿಯ ಮುಚ್ಚಳದ ಒಳಗಡೆ ಕುಕ್ಕಿ ಕುಕ್ಕಿ ಪ್ಲೈವುಡ್ಡಿನ ಸಿಪ್ಪೆ ಎದ್ದಿತ್ತು, ಅದರ ಮೇಲೆ ರಕ್ತ. ನೀರಿನ ಬಟ್ಟಲು ಮಗುಚಿಬಿದ್ದಿತ್ತು. ಸಣ್ಣದು ಬಾಗಿಲಿನ ಕೆಳಗಿನ ಸಂದಿಗೆ ಕೊಕ್ಕು ಒತ್ತಿಕೊಂಡು ಮಲಗಿತ್ತು, ಅದರ ಗಂಟಲು ಮಾತ್ರ ಅಲುಗುತ್ತಿತ್ತು. ಎತ್ತಿಕೊಂಡು ಬಚ್ಚಲಿಗೆ ಓಡಿ ಕಾಲು, ಹೊಟ್ಟೆ ತಣ್ಣೀರಿನಲ್ಲಿ ಅದ್ದಿದೆ. ಬಾಯಿಗೆ ಹನಿ ಹನಿ ಬಿಟ್ಟೆ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟಿತು. ಅದನ್ನು ಒದ್ದೆ ಗೋಣಿಯ ಮೇಲೆ ಮಲಗಿಸಿ ಹೊರಗೆ ಬಂದೆ.

ಅಕ್ಕ ನಾನು ಕೇಳುವ ಮೊದಲೇ, ನಿದ್ದೆ ಹತ್ತಿತ್ತು ಕಣೇ, ಗೊತ್ತೇ ಆಗಲಿಲ್ಲ ಎಂದಳು. ಸತ್ತದ್ದು ಎಷ್ಟು ಎಂದು ಕೇಳಿದಳು. ಹೇಳಿದೆ. ಚು ಚು ಎಂದಳು. ನಾನು ಗುದ್ದಲಿ ತೆಗೆದುಕೊಂಡು ಬೇಲಿಯ ಪಕ್ಕ ಗುಂಡಿ ತೋಡಲು ಹೋದೆ. ಆಗ ನೆಲ ನೋಡಿದೆ.

ಬೆಳಿಗ್ಗೆ ನಾನು ಗುಡಿಸಿ ನೀರು ಹಾಕಿದ ನೆಲ. ಅದರ ಮೇಲೆ ಊರುಗೋಲಿನ ರಬ್ಬರಿನ ಗುಂಡನೆಯ ಗುರುತುಗಳು, ಅವುಗಳ ಪಕ್ಕ ಅವಳ ಚಪ್ಪಲಿಯ ಗುರುತು. ಹಿಂಬಾಗಿಲಿನಿಂದ ಕುರ್ಚಿಗೆ ಬಂದಿದ್ದವು. ಕುರ್ಚಿಯಿಂದ ಗೂಡಿಗೆ ಹೋಗಿದ್ದವು. ಗೂಡಿನ ಬಾಗಿಲ ಮುಂದೆ ಒಂದೇ ಜಾಗದಲ್ಲಿ ಬಹಳ ಗುರುತುಗಳು, ಒಂದರ ಮೇಲೊಂದು, ಅಲ್ಲಿ ತುಂಬ ಹೊತ್ತು ಯಾರೋ ಕಾಲು ಬದಲಾಯಿಸುತ್ತ ನಿಂತ ಹಾಗೆ. ಅಲ್ಲಿಂದ ವಾಪಸ್ ಕುರ್ಚಿಗೆ.

ಗುದ್ದಲಿ ಅಲ್ಲೇ ಬಿಟ್ಟು ಅವಳ ಮುಂದೆ ಬಂದು ನಿಂತೆ.

‘ಅಕ್ಕ, ನೀನು ಗೂಡಿನ ಹತ್ರ ಹೋಗಿದ್ದೆ.’

ಅವಳು ನೆಲ ನೋಡಿದಳು. ಸುಳ್ಳು ಹೇಳುವ ಕಷ್ಟ ತೆಗೆದುಕೊಳ್ಳಲಿಲ್ಲ.

‘ಹೋಗಿದ್ದೆ.’

‘ಕೊಂಡಿ ಯಾಕೆ ತೆಗೀಲಿಲ್ಲ?’

‘ಅದಕ್ಕೆ ಗಾಳಿ ಇಲ್ದಂಗೆ ಮುಚ್ಚಿದ್ದು ನಾನಾ? ನೀನು ಕಟ್ಟಿದ್ದು.’

‘ಅದನ್ನ ಕೇಳ್ತಿಲ್ಲ. ಯಾಕೆ ತೆಗೀಲಿಲ್ಲ?’

ಅವಳು ಕೋಲನ್ನು ತೊಡೆಯ ಮೇಲಿಂದ ಎತ್ತಿ ನೆಲಕ್ಕೆ ಊರಿದಳು. ಮಾತಾಡುವಾಗ ಅವಳ ದನಿಯಲ್ಲಿ ಕೋಪವಿರಲಿಲ್ಲ. ನೆನಪಿಟ್ಟುಕೊಂಡ ಅಡುಗೆಯ ವಿಧಾನವನ್ನು ಹೇಳುವವರ ಹಾಗೆ ಹೇಳಿದಳು.

‘ಒಳಗೆ ಗುದ್ದಾಡ್ತಾ ಇದ್ವು. ಕೋಲು ಎತ್ತಿದ್ದೂ ನಿಜ. ಆಮೇಲೆ ಅನ್ನಿಸ್ತು, ಇದೊಂದಾದ್ರೂ ಕೆಟ್ಟೋಗ್ಲಿ ಅಂತ. ನಿಂಗೆ ಏನೂ ಕೆಡಲ್ಲ ಕಣೇ. ಗಂಡ ಸತ್ರೆ ಮಿಷನ್ ಇಟ್ಕೊಂಡೆ. ಮಗಳನ್ನ ದಡ ಸೇರಿಸ್ದೆ. ಕೈಗೆ ಸುತ್ತಿಗೆ ಸಿಕ್ರೆ ಗೂಡೂ ನಿಂತ್ಕೊಂಡ್ಬಿಡ್ತು. ನೀನು ಮಾಡಿದ್ದು ಒಂದು ಹಾಳಾಗೋದು ನಾನು ನೋಡ್ಬೇಕಿತ್ತು. ನೋಡ್ದೆ.’

ಅವಳ ಕೈಯ ಕೋಲು ಕಿತ್ತುಕೊಂಡು ಬೇಲಿಯಾಚೆ ಎಸೆಯಬೇಕು ಅನ್ನಿಸಿತು. ಕೈ ಮುಂದಕ್ಕೂ ಹೋಯಿತು. ಅವಳು ಹಿಂದೆ ಸರಿಯಲಿಲ್ಲ. ನನ್ನ ಕೈಯನ್ನೇ ನೋಡುತ್ತ ಕಾಯುತ್ತಿದ್ದಳು. ಅವಳಿಗೆ ಅದೂ ಬೇಕಾಗಿತ್ತು ಎಂದು ಆಗ ಗೊತ್ತಾಯಿತು. ಕೈ ಹಿಂದಕ್ಕೆ ತೆಗೆದುಕೊಂಡು ಗುಂಡಿ ತೋಡಲು ಹೋದೆ. ನೆಲ ಗಟ್ಟಿಯಿತ್ತು. ಕೋಳಿಗಳು ಇನ್ನೂ ಬಿಸಿಯಾಗಿದ್ದವು, ಬದುಕಿದ್ದಾಗ ಇರುವುದಕ್ಕಿಂತ ಬಿಸಿ. ಒಂದೊಂದಾಗಿ ಇಳಿಸಿ ಮಣ್ಣು ಎಳೆದೆ. ನಾಯಿ ಕೆದಕದ ಹಾಗೆ ಮೇಲೆ ಕಲ್ಲು ಹೇರಿದೆ. ಅಷ್ಟರಲ್ಲಿ ಅಕ್ಕ ಕೂಗಿ, ಆ ಸಣ್ಣದು ಹೇಗೂ ಉಳಿಯಲ್ಲ, ಸಾಯುವ ಮೊದಲು ಕುಯ್ದು ಸಾರು ಮಾಡು, ವ್ಯರ್ಥ ಯಾಕೆ ಎಂದಳು.

ಸಾರು ಮಾಡಲಿಲ್ಲ. ಮುದ್ದೆ ತೊಳಸಿ, ಹಿಂದಿನ ರಾತ್ರಿಯ ಹುಳಿ ಬಿಸಿ ಮಾಡಿ ಬಡಿಸಿದೆ. ಅವಳು ಚೆನ್ನಾಗಿ ಊಟ ಮಾಡಿದಳು.

ಮಾರನೆಯ ದಿನ ಅವಳ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ನಾಳೆ ಊರಿಗೆ ಹೋಗ್ತೀಯ ಎಂದೆ. ಯಾಕೆ ಎಂದು ಕೇಳಲಿಲ್ಲ. ರಾಯಲ್ಪಾಡಿನಲ್ಲಿ ಅವಳ ಬೀದಿಯಲ್ಲೇ ಇರುವ ಒಬ್ಬ ಹೆಂಗಸಿಗೆ ಫೋನ್ ಮಾಡಿ, ಎರಡು ಹೊತ್ತು ಅಡುಗೆ ಮಾಡಿಕೊಟ್ಟು ಹೋಗಲು ಒಪ್ಪಿಸಿದೆ. ಆಕೆ ಮೊದಲು ಆಗೋದಿಲ್ಲ ಎಂದಳು, ನಿಮ್ಮ ಅಕ್ಕನ ಬಾಯಿ ನಿಮಗೇ ಗೊತ್ತಲ್ಲ ಎಂದಳು. ಬಹಳ ಕೇಳಿಕೊಂಡ ಮೇಲೆ ಒಪ್ಪಿದಳು. ಬಸ್ಸಿನಲ್ಲಿ ಅಕ್ಕನಿಗೆ ಕಿಟಕಿ ಪಕ್ಕದ ಸೀಟು ಹಿಡಿದೆ. ದಾರಿಯುದ್ದಕ್ಕೂ ಮಾವಿನ ತೋಟಗಳಲ್ಲಿ ಕಾಯಿ ಜೋತಿದ್ದವು. ಅವಳು ಈ ಸಲ ಫಸಲು ಚೆನ್ನಾಗಿದೆ ಎಂದಳು, ಹೂಂ ಎಂದೆ. ಅವಳ ಮನೆಯ ಬಾಗಿಲು ತೆಗೆದು, ಧೂಳು ಹೊಡೆದು, ನೀರು ತುಂಬಿಸಿ, ಮಂಚದ ಹಾಸಿಗೆ ಬಿಡಿಸಿದೆ. ಹೊರಡುವಾಗ ಅವಳು, ‘ನನ್ನನ್ನ ಇಲ್ಲಿ ಬಿಟ್ಟು ಹೋದೋಳು ನೀನು ಅಂತ ಎಲ್ಲರಿಗೂ ಹೇಳ್ತೀನಿ’ ಅಂದಳು. ಹೇಳು ಎಂದೆ. ಹೇಳಿದಳು. ಶ್ರೀನಿವಾಸಪುರದ ತನಕ ಇರುವ ನಮ್ಮ ನೆಂಟರಿಗೆಲ್ಲ ಸೊಂಟ ಮುರಿದ ಅಕ್ಕನನ್ನು ನಾಲ್ಕು ಕೋಳಿಗಾಗಿ ಮನೆಯಿಂದ ಹೊರಗೆ ಹಾಕಿದವಳು ನಾನು ಎಂದು ಗೊತ್ತು. ಒಂದಿಬ್ಬರು ಮದುವೆಯಲ್ಲಿ ಸಿಕ್ಕಾಗ ನನ್ನ ಪಕ್ಕದ ಎಲೆ ಬಿಟ್ಟು ಕೂರುತ್ತಾರೆ. ಊರುಗೋಲಿನ ಗುರುತಿನ ಮಾತನ್ನು ನಾನು ಯಾರಿಗೂ ಬಿಡಿಸಿ ಹೇಳಿಲ್ಲ, ಮಗಳಿಗೂ.

ವಾಪಸ್ ಬಂದ ಮೇಲೆ ಗೂಡನ್ನು ಒಡೆದು ಹಾಕೋಣ ಅಂದುಕೊಂಡೆ. ಇಕ್ಕಳ ಹಿಡಿದು ಸೂರಿನ ಕೆಳಗೆ ನಾನು ಹೊಡೆದಿದ್ದ ಪಟ್ಟಿಯ ಮೊಳೆ ಕಿತ್ತೆ. ಪಟ್ಟಿ ಬಿದ್ದ ಕೂಡಲೇ ಒಳಗಿನ ಬಿಸಿ ಗಾಳಿ ಮುಖಕ್ಕೆ ಬಂತು. ಚಿತ್ರದವನು ಆ ಜಾಗ ಯಾಕೆ ಬಿಟ್ಟಿದ್ದ ಎಂದು ಆಗ ತಿಳಿಯಿತು. ಅಲ್ಲೇ ಕೂತು ಅತ್ತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಕೋಳಿಗಳಿಗಾಗಿಯೋ, ನನ್ನ ಅಚ್ಚುಕಟ್ಟಿನ ಚಟಕ್ಕಾಗಿಯೋ ಅದೂ ಗೊತ್ತಿಲ್ಲ. ಅಕ್ಕ ಕೊಂಡಿ ತೆಗೆಯಲಿಲ್ಲ. ಆದರೆ ಪಟ್ಟಿ ಹೊಡೆದವಳು ನಾನು. ಎರಡೂ ನಿಜ. ಒಂದು ಇನ್ನೊಂದನ್ನು ಕಡಿಮೆ ಮಾಡುವುದಿಲ್ಲ.

ಒಡೆಯಲಿಲ್ಲ. ಎರಡು ಪಕ್ಕದ ಪ್ಲೈವುಡ್ ಕಿತ್ತು ಕಬ್ಬಿಣದ ಜಾಲರಿ ಹೊಡೆದೆ, ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದೆ. ಸಣ್ಣ ಕೋಳಿ ಉಳಿದುಕೊಂಡಿತು. ಕತ್ತಿಗೆ ಪುಕ್ಕ ಬಂತು, ಮೊಟ್ಟೆಗೂ ಬಂತು. ಮಳೆ ಶುರುವಾದ ಮೇಲೆ ಸಂತೆಯಿಂದ ಮತ್ತೆ ಮೂರು ಕೋಳಿ ತಂದು ಬಿಟ್ಟೆ. ಹೊಸದಾಗಿ ಬಂದವನ್ನು ಅದು ಕಾಳಿನ ಹತ್ತಿರಕ್ಕೂ ಸೇರಿಸಲಿಲ್ಲ. ಅವುಗಳಲ್ಲಿ ಒಂದರ ಕಣ್ಣಿನ ಪಕ್ಕ ಕುಕ್ಕಿ ಗಾಯ ಮಾಡಿತು. ಕುಕ್ಕಿ ಮುಗಿಸಿ ಕೊಕ್ಕನ್ನು ಒಗೆಯುವ ಕಲ್ಲಿಗೆ ಉಜ್ಜಿ ಒರೆಸಿಕೊಳ್ಳುತ್ತಿತ್ತು. ನಾನು ಗಾಯಕ್ಕೆ ಅರಿಶಿನ ಹಚ್ಚಿದೆ, ಅದನ್ನು ಗದರಿದೆ. ಅದಕ್ಕೆ ಏನು ಅರ್ಥವಾಗುತ್ತದೆ.

ಮಗಳು ವಾರಕ್ಕೊಮ್ಮೆ ದೊಡ್ಡಮ್ಮನಿಗೆ ಫೋನ್ ಮಾಡುತ್ತಾಳೆ. ಹೋದ ತಿಂಗಳು ನನಗೆ ಫೋನ್ ಮಾಡಿ, ದೊಡ್ಡಮ್ಮ ತುಂಬ ಸೊರಗಿದ್ದಾಳಂತೆ, ಅಂಗಡಿ ಮೊಟ್ಟೆ ಸೇರುತ್ತಿಲ್ಲವಂತೆ, ನಿನ್ನ ಮನೆಯ ಮೊಟ್ಟೆ ಕೇಳಿದಳು ಎಂದಳು. ರಾಯಲ್ಪಾಡಿನ ಬಸ್ಸಿಗೆ ಕೊಟ್ಟರೆ ಕಂಡಕ್ಟರ್ ಇಳಿಸಿ ಹೋಗುತ್ತಾನೆ ಅಂತಲೂ ಹೇಳಿದಳು.

‘ಅಮ್ಮ, ನಾಲ್ಕು ಮೊಟ್ಟೆ ಕಳ್ಸಿದ್ರೆ ನಿಂದೇನು ಹೋಗತ್ತೆ?’

ಏನೂ ಹೋಗುವುದಿಲ್ಲ. ಅಡುಗೆಮನೆಯ ಬುಟ್ಟಿಯಲ್ಲಿ ಅವತ್ತೂ ತುಂಬ ಮೊಟ್ಟೆಗಳಿದ್ದವು. ಬ್ಲೌಸ್ ತೆಗೆದುಕೊಂಡು ಹೋಗಲು ಬಂದ ಹೆಂಗಸರಿಗೆ ಹಂಚಿಬಿಟ್ಟೆ. ಇವತ್ತಿನ ತನಕ ಅಕ್ಕನಿಗೆ ಒಂದೂ ಕಳಿಸಿಲ್ಲ.